ನಿಮ್ಮ ಗಾಮಾ ಕಿರಣದ ಲೇಖನವನ್ನು ಯಾಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. ನಮ್ಮ ಗ್ಯಾಲಕ್ಸಿಯಲ್ಲಿ ಗುರುತು ಸಿಗದ ಗಾಮಾ ಮೂಲಗಳನ್ನು, ಅಂದರೆ ಗಾಮಾ ಕಿರಣ ಸೂಸುತ್ತಿದ್ದರೂ ಏನೆಂದು ತಿಳಿಯದ ಕಾಯಗಳನ್ನು, ಎಕ್ಸ್-ರೇ ಟೆಲಿಸ್ಕೋಪ್‌ಗಳು ಪತ್ತೆ ಮಾಡುವ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ವಿಷಯ ನನಗೆ ತುಂಬಾ ಇಷ್ಟ. ಅದಕ್ಕೇ ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. 'ಅನಂತ ಬ್ರಹ್ಮಾಂಡದ ಅಗಾಧ ರಹಸ್ಯ' ಅಂತ ಶುರುವಾದರೆ ಓದುಗರು ಅಲ್ಲೇ ಬಿಟ್ಟು ಹೋಗುತ್ತಾರೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ನಾಲ್ಕನೇ ಪ್ಯಾರಾದಲ್ಲಿ, 'ಕಿರಣ ಬರುತ್ತಿರುವುದು ಗೊತ್ತು, ಎಲ್ಲಿಂದ ಅಂತ ಗೊತ್ತಿಲ್ಲ' ಅನ್ನುವ ಸಾಲಿನಿಂದ. ಒಳ್ಳೇ ಸಾಲು ಅದು.

ಆದರೆ ಅಲ್ಲಿಂದ ಸೀದಾ ಫರ್ಮಿ, ಸ್ವಿಫ್ಟ್, ಚಂದ್ರಾ ಅಂತ ಬಾಹ್ಯಾಕಾಶ ಟೆಲಿಸ್ಕೋಪ್‌ಗಳ ಹೆಸರಿನ ಪಟ್ಟಿಗೆ ಹಾರಿದ್ದೀರಿ. 2008ರಲ್ಲಿ ಹಾರಿದ ಗಾಮಾ ಟೆಲಿಸ್ಕೋಪ್ ಫರ್ಮಿ 5,000ಕ್ಕೂ ಹೆಚ್ಚು ಮೂಲಗಳನ್ನು ಕಂಡಿದೆ, ಅದರಲ್ಲಿ ಕಾಲು ಭಾಗಕ್ಕೂ ಜಾಸ್ತಿ ಯಾವುದೆಂದು ತಿಳಿದಿಲ್ಲ. ಅಷ್ಟು ದೊಡ್ಡ ಟೆಲಿಸ್ಕೋಪ್ ಇದ್ದೂ ಯಾಕೆ ಹೀಗೆ? ಓದುಗರು ಕೇಳುವ ಮೊದಲ ಪ್ರಶ್ನೆ ಇದೇ ಅಲ್ವಾ? ಗಾಮಾ ಕಿರಣವನ್ನು ಕನ್ನಡಿಯಿಂದ ಒಂದೆಡೆ ಸೇರಿಸಲು ಆಗುವುದಿಲ್ಲ, ಅದು ತೂರಿಕೊಂಡು ಹೋಗುತ್ತದೆ. ಫರ್ಮಿಯೊಳಗೆ ಟಂಗ್‌ಸ್ಟನ್ ಹಾಳೆಗಳಿವೆ. ಕಿರಣ ಅಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ನ ಜೋಡಿಯಾಗುತ್ತದೆ, ಆ ಜೋಡಿ ಹೋದ ದಾರಿ ನೋಡಿ ಬಂದ ದಿಕ್ಕನ್ನು ಅಂದಾಜು ಮಾಡುತ್ತಾರೆ. ಅಂದಾಜು ಅಂದಮೇಲೆ ಸಿಗುವುದು ಆಕಾಶದಲ್ಲಿ ಒಂದು ಚುಕ್ಕೆಯಲ್ಲ, ಒಂದು ವೃತ್ತ, ಮೂಲ ಅದರೊಳಗೆ ಎಲ್ಲಾದರೂ ಇರಬಹುದು. ಎಕ್ಸ್-ರೇ ಹಾಗಲ್ಲ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಜಿಗಿಯುತ್ತದಲ್ಲ, ಹಾಗೆ ನುಣುಪು ಕನ್ನಡಿಯನ್ನು ಸವರಿಕೊಂಡು ಬಂದರೆ ಅದು ತಿರುಗುತ್ತದೆ, ಆದ್ದರಿಂದ ಜಾಗ ಬಹಳ ನಿಖರವಾಗಿ ಸಿಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 'ವೃತ್ತದೊಳಗೆ ಎಕ್ಸ್-ರೇ ಚುಕ್ಕೆ ಕಂಡಿತು, ರಹಸ್ಯ ಬಗೆಹರಿಯಿತು' ಅಂತ ಬರೆದಿದ್ದೀರಿ. ಇಲ್ಲ. ಬೀದಿಯಲ್ಲಿ ಒಗ್ಗರಣೆ ವಾಸನೆ ಬರುತ್ತಿದೆ, ಮೂರು ಮನೆಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ ಅಂದುಕೊಳ್ಳಿ. ದೀಪ ಕಂಡಿತು ಅಂತ ಒಗ್ಗರಣೆ ಆ ಮನೆಯದೇ ಆಗಬೇಕಿಲ್ಲ. ಸಾಧಾರಣ ನಕ್ಷತ್ರಗಳೂ ಎಕ್ಸ್-ರೇ ಸೂಸುತ್ತವೆ, ಹಿಂದೆ ದೂರದಲ್ಲಿರುವ ಗ್ಯಾಲಕ್ಸಿಗಳೂ ಸೂಸುತ್ತವೆ.

ಹಾಗಾದರೆ ಸಿಕ್ಕಿತು ಅಂತ ಯಾವಾಗ ಹೇಳಬಹುದು? ಗೆಮಿಂಗಾ ಕಥೆ ಹೇಳಿ. ನೀವು ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ನನಗೆ ಬೇಜಾರಾಗಿದ್ದು ಅಲ್ಲೇ. 1972ರಲ್ಲಿ ಹಾರಿದ ಸ್ಯಾಸ್-2 ಉಪಗ್ರಹಕ್ಕೆ ಮಿಥುನ ರಾಶಿಯ ಕಡೆ ಬಲವಾದ ಗಾಮಾ ಮೂಲವೊಂದು ಕಂಡಿತು. ಅಲ್ಲಿ ಏನಿದೆ ಅಂತ ಯಾರಿಗೂ ತಿಳಿಯಲಿಲ್ಲ. ಇಟಲಿಯ ಖಗೋಳ ವಿಜ್ಞಾನಿ ಜೊವಾನ್ನಿ ಬಿನ್ಯಾಮಿ ಅದಕ್ಕೆ ಗೆಮಿಂಗಾ ಅಂತ ಹೆಸರಿಟ್ಟರು, ಮಿಲಾನ್‌ನ ಆಡುಮಾತಿನಲ್ಲಿ 'ಅಲ್ಲಿಲ್ಲ' ಅಂತ ಅರ್ಥ! 1983ರಲ್ಲಿ ಅವರ ತಂಡ ಐನ್‌ಸ್ಟೈನ್ ಎಕ್ಸ್-ರೇ ಉಪಗ್ರಹ ಕಂಡಿದ್ದ ಒಂದು ಚುಕ್ಕೆಯನ್ನು ತೋರಿಸಿ ಇದೇ ಇರಬೇಕು ಅಂದಿತು. ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ಸಾಧಾರಣ ಬೆಳಕಿನಲ್ಲಿ ಮಾತ್ರ ಬಹುತೇಕ ಏನೂ ಇಲ್ಲ. ಇರಬೇಕು, ಅಷ್ಟೇ. ರೋಸಾಟ್ ಎಂಬ ಎಕ್ಸ್-ರೇ ಉಪಗ್ರಹ ಅದೇ ಚುಕ್ಕೆಯನ್ನು ನೋಡಿದಾಗ ಎಕ್ಸ್-ರೇ 0.237 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು, 1992ರಲ್ಲಿ ಪ್ರಕಟವಾಯಿತು. ಆಮೇಲೆ ಕಾಂಪ್ಟನ್ ಉಪಗ್ರಹದ ಗಾಮಾ ಮಾಹಿತಿಯಲ್ಲಿ ಹುಡುಕಿದರೆ ಅಲ್ಲೂ ಅದೇ 0.237! ಒಂದೇ ನಾಡಿ, ಎರಡು ಕಡೆ. ಅದು ತಿರುಗುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಸಿದ ತಿರುಳು. 'ಇರಬೇಕು' ಅನ್ನುವುದು 'ಹೌದು' ಆಗಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಇದಕ್ಕೆ ಒಂದು ಇಡೀ ಪುಟ ಕೊಡಿ, ಕಂಜೂಸಿ ಮಾಡಬೇಡಿ.

ಕೊನೆಯಲ್ಲಿ ಭಾರತದ ಬಾಹ್ಯಾಕಾಶ ಟೆಲಿಸ್ಕೋಪ್ ಆಸ್ಟ್ರೋಸ್ಯಾಟ್ ನಮ್ಮ ಹೆಮ್ಮೆ ಅಂತ ಸುಮ್ನೆ ಸೇರಿಸಿದ್ದೀರಿ. ಹೆಮ್ಮೆ ನನಗೂ ಇದೆ, ಆದರೆ ಈ ಕಥೆಯಲ್ಲಿ ಅದರ ಕೆಲಸವೇನು ಅಂತ ನೀವು ಹೇಳಿಲ್ಲ. ಅದರ ಬದಲು ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ತನ್ನಿ. ಫರ್ಮಿಯ ಗುರುತಿಲ್ಲದ ಮೂಲವೊಂದರ ಕಡೆ ತಿರುಗಿಸಿ ಅಲ್ಲೊಂದು ಮಿಲಿಸೆಕೆಂಡ್ ಪಲ್ಸಾರ್, ಅಂದರೆ ಕೆಲವೇ ಮಿಲಿಸೆಕೆಂಡಿಗೊಮ್ಮೆ ತಿರುಗಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರ, ಕಂಡುಹಿಡಿದರು, 2013ರಲ್ಲಿ ಪ್ರಕಟವಾಯಿತು. ಅದು ಕಥೆಗೆ ಸೇರುತ್ತದೆ.

ತಿದ್ದಿ ಕಳಿಸಿ, 900 ಪದ ಸಾಕು. ಗೆಮಿಂಗಾ ಪುಟ ಮೊದಲು ಬರೆದು ಅದೊಂದನ್ನೇ ಕಳಿಸಿದರೂ ಪರವಾಗಿಲ್ಲ, ಕೂತು ಓದುತ್ತೇನೆ.