ಧರಣಿ ಕೂತರೆ ಕಾನೂನು ಬದಲಾಗುತ್ತಾ?

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ಧರಣಿ, ಮೆರವಣಿಗೆ ಎರಡು ದಿನದ ಸುದ್ದಿ ಅಷ್ಟೇ ಅನ್ನುತ್ತಾರೆ ಅಪ್ಪ. ಮಾನವ ಹಕ್ಕುಗಳ ವಿಷಯದಲ್ಲಿ ಚಳವಳಿಯಿಂದ ಸರ್ಕಾರದ ನೀತಿ ನಿಜವಾಗಿ ಬದಲಾಗುತ್ತದೆಯೇ?
– ವಿದ್ಯಾರ್ಥಿನಿ, ಕೋಲಾರ

ಉತ್ತರ: ಖಂಡಿತ ಬದಲಾಗುತ್ತದೆ. ಉದಾಹರಣೆ ನಿಮ್ಮ ಜಿಲ್ಲೆಯಲ್ಲೇ ಇದೆ. ಮಲ ಹೊರುವ ಪದ್ಧತಿಯ ವಿರುದ್ಧ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಅವರ ಮನೆಯವರೂ ಅದೇ ಕೆಲಸ ಮಾಡುತ್ತಿದ್ದರು.

ಕರ್ನಾಟಕದಲ್ಲಿ 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. 1993ರಲ್ಲಿ ಸಂಸತ್ತು ಕಾನೂನು ಮಾಡಿತು. ಆದರೂ ಈ ಕೆಲಸ ಮಾಡುವ ಹೆಂಗಸರ ಕೈಯಿಂದ ಬುಟ್ಟಿ, ಪೊರಕೆ ಬಿಡಲಿಲ್ಲ. ಕೇಳಿದರೆ ಎಷ್ಟೋ ರಾಜ್ಯಗಳು ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದುಬಿಡುತ್ತಿದ್ದವು. ಲೆಕ್ಕದಲ್ಲೇ ಇಲ್ಲದವರಿಗೆ ಪುನರ್ವಸತಿ ಸಿಗುವುದಾದರೂ ಹೇಗೆ?

ಆಂದೋಲನ ಹಿಡಿದದ್ದು ಈ ‘ಇಲ್ಲ’ವನ್ನೇ. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಾರ್ಯಕರ್ತರು ಊರೂರು ಸುತ್ತಿ ಒಣ ಕಕ್ಕಸುಗಳ (ನೀರು ಹರಿಸದ, ಮಲವನ್ನು ಕೈಯಿಂದಲೇ ಎತ್ತಬೇಕಾದ ಕಕ್ಕಸು) ಫೋಟೊ ತೆಗೆದರು, ಕೆಲಸ ಮಾಡುವವರ ಮಾತು ದಾಖಲಿಸಿದರು, ಅದನ್ನೆಲ್ಲ ಕೋರ್ಟಿನ ಮುಂದಿಟ್ಟರು. ಹೆಂಗಸರೇ ತಮ್ಮ ಬುಟ್ಟಿಗಳನ್ನು ಎಲ್ಲರೆದುರು ಸುಟ್ಟರು. ಅದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ, ಮರುದಿನದ ಊಟ ಆ ಬುಟ್ಟಿಯಲ್ಲೇ ಇತ್ತಲ್ವಾ. ಕೊನೆಗೆ 2011ರ ಜನಗಣತಿಯೇ ಹೇಳಿತು: ಮನುಷ್ಯರು ಮಲ ಎತ್ತುವ ಕಕ್ಕಸುಗಳು ಸುಮಾರು 7.94 ಲಕ್ಷ.

2013ರಲ್ಲಿ ಹೊಸ ಕಾನೂನು ಬಂತು. ನನಗೆ ದೊಡ್ಡದಾಗಿ ಕಾಣುವುದು ಅದರ ಪೀಠಿಕೆ. 1993ರ ಕಾನೂನಿಗೆ ಇದು ಹೆಚ್ಚಾಗಿ ನೈರ್ಮಲ್ಯದ ವಿಷಯವಾಗಿತ್ತು. ಹೊಸದು ಇದನ್ನು ಈ ಜನರಿಗೆ ಆದ ಚಾರಿತ್ರಿಕ ಅನ್ಯಾಯ ಎಂದು ಒಪ್ಪಿಕೊಂಡಿತು. ಸುರಕ್ಷತೆ ಇಲ್ಲದೆ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನೂ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಇಷ್ಟಾದರೂ ಮ್ಯಾನ್‌ಹೋಲಿನಲ್ಲಿ ಜನ ಸಾಯುತ್ತಲೇ ಇದ್ದಾರೆ. ನೀವೊಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಡಿ ನಿಮ್ಮ ನಗರಸಭೆಗೆ ಅರ್ಜಿ ಹಾಕಿ: ಮಲ ಹೊರುವವರ ಸಮೀಕ್ಷೆ ಯಾವಾಗ ಆಯಿತು, ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ, ಗುಂಡಿ ಖಾಲಿ ಮಾಡುವ ಯಂತ್ರ ಎಷ್ಟಿವೆ? ಉತ್ತರ ಬಂದಾಗ ಅಪ್ಪನ ಜೊತೆ ಕೂತು ಓದಿ.