ಗುರುಗಳನ್ನು ಯಾವಾಗ ಕರೆಸಬೇಕು?

ಪ್ರಶ್ನೆ: ನಾನು ಬೆಳಗಾವಿಯ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಖಾನಾಪುರ ಕಡೆಯ ಕ್ಯಾಥೋಲಿಕ್ ಅಜ್ಜರೊಬ್ಬರು ಕೊನೆಯ ಹಂತದಲ್ಲಿದ್ದಾರೆ. ಚರ್ಚಿನ ಗುರುಗಳನ್ನು ಕರೆಸಿದರೆ ಅಜ್ಜರು ಎದೆಗುಂದುತ್ತಾರೆಂದು ಮಕ್ಕಳು ಹಿಂಜರಿಯುತ್ತಿದ್ದಾರೆ. ನೋವು ಸಹಿಸುವುದೇ ಧರ್ಮವೆಂದು ಮಾರ್ಫಿನ್ ಬೇಡವೆನ್ನುತ್ತಾರೆ. ನಾನು ಲಿಂಗಾಯತ ಮನೆತನದವಳು, ಅವರ ಪದ್ಧತಿ ನನಗೆ ತಿಳಿಯದು. ನಾನೇನು ಮಾಡಬಹುದು?
— ಹೆಸರು ಬೇಡ, ಬೆಳಗಾವಿ

ಉತ್ತರ: ಸಹೋದರಿ, ಅಜ್ಜರಿಗೆ ಪ್ರಜ್ಞೆಯಿರುವಾಗಲೇ, ಸಾಧ್ಯವಾದರೆ ಇವತ್ತೇ, ಗುರುಗಳನ್ನು ಕರೆಸಲು ಮಕ್ಕಳಿಗೆ ಹೇಳಿರಿ. ಉಸಿರು ನಿಲ್ಲುವ ಹೊತ್ತಿಗೆ ಮಾತ್ರ ಎಣ್ಣೆ ಹಚ್ಚುತ್ತಾರೆಂಬ ಹಳೆಯ ಭಾವನೆ ಅನೇಕ ಮನೆಗಳಲ್ಲಿ ಉಳಿದಿರುವುದರಿಂದ ಅವರ ಅಂಜಿಕೆ ಸಹಜವೇ. ಆದರೆ ರೋಗಿಗಳ ಅಭ್ಯಂಗವು, ಅಂದರೆ ಪ್ರಾರ್ಥಿಸಿ ಪವಿತ್ರ ಎಣ್ಣೆ ಹಚ್ಚುವ ಈ ಸಂಸ್ಕಾರವು, ಸಾವಿನ ಅಂಚಿನಲ್ಲಿರುವವರಿಗಷ್ಟೇ ಅಲ್ಲವೆಂದು ಕ್ಯಾಥೋಲಿಕ್ ಬಿಷಪರ ಜಾಗತಿಕ ಸಭೆಯಾದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿತು. ಕಾಯಿಲೆ ಗಂಭೀರವಾದಾಗಲೇ ಅದನ್ನು ಪಡೆಯಬಹುದು, ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ಅದನ್ನು ಕೊಡುವ ಅಧಿಕಾರ ಗುರುಗಳಿಗೆ ಮತ್ತು ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಮಾತ್ರ ಇದೆ. ಕಾನ್ವೆಂಟಿನ ಸಿಸ್ಟರ್‌ಗಳು ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ತರಬಹುದು, ಅಭ್ಯಂಗ ಮಾಡಲಾರರು.

ಬೇಗ ಕರೆಸಬೇಕೆನ್ನಲು ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಪಾಪನಿವೇದನೆ, ಅಂದರೆ ತಪ್ಪುಗಳನ್ನು ಗುರುಗಳ ಮುಂದೆ ಗುಟ್ಟಾಗಿ ಹೇಳಿ ಕ್ಷಮೆ ಪಡೆಯುವುದು. ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಹೊತ್ತುಕೊಂಡು ಬಂದದ್ದನ್ನು ಹೇಳಿ ಹಗುರಾಗಲು ಅಜ್ಜರಿಗೆ ಮಾತು ಇರಬೇಕು, ಏಕಾಂತವೂ ಬೇಕು. ಆಗ ಪರದೆ ಎಳೆದು, ಮನೆಯವರನ್ನು ಹೊರಗೆ ಕಳಿಸಿ, ನೀವೂ ಸ್ವಲ್ಪ ದೂರ ನಿಂತರೆ ಅದು ದೊಡ್ಡ ಸೇವೆ. ಅನಂತರ ಗುರುಗಳು ಹಣೆಗೆ ಮತ್ತು ಕೈಗಳಿಗೆ ಎಣ್ಣೆ ಹಚ್ಚಿ, ಪರಮಪ್ರಸಾದ ಕೊಡುತ್ತಾರೆ. ಸಾಯುವವರಿಗೆಂದೇ ಧರ್ಮಸಭೆ (ಚರ್ಚ್) ಕೊಡುವ ದಾರಿಯ ಬುತ್ತಿ ಈ ಪರಮಪ್ರಸಾದವೇ. ಅಜ್ಜರಿಗೆ ನುಂಗಲು ತೊಂದರೆಯಿದ್ದರೆ ಮೊದಲೇ ತಿಳಿಸಿರಿ. ಚಿಕ್ಕ ಚೂರನ್ನು ನೀರಿನೊಂದಿಗೆ ಕೊಡಬಹುದು, ಅದೂ ಆಗದಿದ್ದರೆ ಪವಿತ್ರೀಕರಿಸಿದ ದ್ರಾಕ್ಷಾರಸದ ಕೆಲವು ಹನಿ ಸಾಕು. ಆಕ್ಸಿಜನ್ ಹಚ್ಚಿದ್ದರೆ ಮೇಣದಬತ್ತಿ ಬೇಡವೆಂದು ನಿಸ್ಸಂಕೋಚವಾಗಿ ಹೇಳಿರಿ, ಯಾವ ಗುರುಗಳೂ ಬೇಸರಿಸುವುದಿಲ್ಲ.

ಮಾರ್ಫಿನ್ ವಿಷಯದಲ್ಲಿ ಮಕ್ಕಳ ತಿಳಿವಳಿಕೆ ಸರಿಯಲ್ಲ. ಬೇರೆ ದಾರಿಯಿಲ್ಲದಿದ್ದಾಗ, ಪ್ರಜ್ಞೆ ಮಂಕಾದರೂ, ನೋವು ತಗ್ಗಿಸುವ ಔಷಧ ಕೊಡಬಹುದೆಂದು ಪೋಪ್ ಹನ್ನೆರಡನೆಯ ಪಿಯುಸ್ 1957ರಲ್ಲಿಯೇ ವೈದ್ಯರಿಗೆ ಉತ್ತರಿಸಿದ್ದರು. ರೋಗಿಯು ತನ್ನ ಧಾರ್ಮಿಕ ಮತ್ತು ಕೌಟುಂಬಿಕ ಕರ್ತವ್ಯಗಳನ್ನು ಪೂರೈಸಲು ಅದು ಅಡ್ಡಿಯಾಗಬಾರದೆಂದಷ್ಟೇ ಅವರು ಸೇರಿಸಿದರು. ಆದ್ದರಿಂದ ಅಜ್ಜರು ಯಾವ ಹೊತ್ತಿನಲ್ಲಿ ಎಚ್ಚರವಾಗಿರುತ್ತಾರೆಂದು ಡಾಕ್ಟರರನ್ನು ಕೇಳಿ, ಗುರುಗಳು ಆ ಹೊತ್ತಿಗೆ ಬರುವಂತೆ ನೋಡಿಕೊಳ್ಳಿರಿ. ನೋವಿನಿಂದ ನರಳುವವರಿಗೆ ಪ್ರಾರ್ಥಿಸುವುದೂ ಕಷ್ಟವೆಂಬುದನ್ನು ಮಕ್ಕಳಿಗೆ ಮೃದುವಾಗಿ ತಿಳಿಹೇಳಿರಿ.

ಅಷ್ಟರಲ್ಲಿ ಪ್ರಜ್ಞೆ ತಪ್ಪಿದರೂ ಕರೆಸುವುದನ್ನು ಬಿಡಬಾರದು, ಅಭ್ಯಂಗ ಆಗಲೂ ನಡೆಯುತ್ತದೆ. ಪ್ರಾಣ ಹೋದದ್ದು ಖಚಿತವಾದ ಮೇಲೆ ಮಾತ್ರ ಅದನ್ನು ಕೊಡುವುದಿಲ್ಲ, ಗುರುಗಳು ಮೃತರಿಗಾಗಿ ಪ್ರಾರ್ಥಿಸುತ್ತಾರೆ. ಗುರುಗಳು ಬರುವವರೆಗೆ ಮನೆಯವರು ಅಜ್ಜರಿಗೆ ರೂಢಿಯಿರುವ ಭಾಷೆಯಲ್ಲಿ, ಅದು ಕೊಂಕಣಿಯಾಗಲಿ ಕನ್ನಡವಾಗಲಿ, ಕಿವಿಯ ಹತ್ತಿರ ಜಪಸರ (ರೋಸರಿ ಪ್ರಾರ್ಥನೆ) ಹೇಳಲಿ. ಅವರ ಊರಿನ ಚರ್ಚಿನ ಗುರುಗಳು ದೂರವಿದ್ದರೆ ಬೆಳಗಾವಿ ಕ್ಯಾಂಪ್ ಪ್ರದೇಶದ ಫಾತಿಮಾ ಕೆಥೆಡ್ರಲ್‌ನಲ್ಲಿ ವಿಚಾರಿಸಬಹುದು. ಫೋನ್ ನಂಬರನ್ನು ರಾತ್ರಿ ಪಾಳಿಯವರಿಗೂ ಬರೆದಿಟ್ಟು ಹೋಗಿರಿ.