‘ನಮ್ಮ ಅವ್ವನ ಮಗ’

ಆಳಂದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಆರು ವರ್ಷದ ಹಿಂದೆ ತೊಗರಿ ಮಾರಿದ ಹಣವನ್ನೆಲ್ಲ ಎತ್ತಿಕೊಂಡು ಅವರ ತಮ್ಮ ಪುಣೆಗೆ ಹೋದ. ಬೀಜ, ಗೊಬ್ಬರದ ಸಾಲ ತೀರಿಸಿದವರು ಇವರು. ಈ ವರ್ಷ ಅವನು ತಿರುಗಿ ಬಂದ. ಈಸ್ಟರ್ ಆದ ಮುಂದಿನ ಭಾನುವಾರ, ದೇವಕರುಣೆಯ ಹಬ್ಬದ ದಿನ, ಗುರುಗಳ ಮುಂದೆ ತನ್ನ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಮಾಡಿ ಹತ್ತು ನಿಮಿಷದಲ್ಲಿ ನಗುತ್ತಾ ಹೊರಗೆ ಬಂದ. ‘ಕ್ಷಮೆಯ ಆನಂದದ ಬಗ್ಗೆ ಗುರುಗಳು ಪ್ರಸಂಗ ಮಾಡಿದರು. ಆ ಆನಂದ ಅವನಿಗೆ ಮಾತ್ರವೇ? ನನ್ನ ಪಾಲಿಗೆ ಏನು?’ ಎಂದು ಕೇಳಿದ್ದಾರೆ.

ಅಣ್ಣಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡು ಪುಟದಲ್ಲಿ ಎಲ್ಲೂ ‘ನನ್ನ ತಮ್ಮ’ ಎಂಬ ಮಾತಿಲ್ಲ. ‘ನಮ್ಮ ಅವ್ವನ ಮಗ’ ಎಂದೇ ಬರೆದಿದ್ದೀರಿ. ಬೈಬಲ್‌ನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ದುಂದುಗಾರ ಮಗನ ಕಥೆಯಿದೆ. ತನ್ನ ಪಾಲಿನ ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನಿಗೆ ಅಪ್ಪ ಹಬ್ಬದೂಟ ಮಾಡಿಸುತ್ತಾನೆ. ಅವನ ಅಣ್ಣನೂ ಹೀಗೇ ಮಾತಾಡುತ್ತಾನೆ. ಅಪ್ಪನಿಗೆ ‘ಈ ನಿನ್ನ ಮಗ’ ಅನ್ನುತ್ತಾನೆ. ಅಪ್ಪ ಬೈಯುವುದಿಲ್ಲ. ಉತ್ತರ ಕೊಡುವಾಗ ‘ಈ ನಿನ್ನ ತಮ್ಮ’ ಅನ್ನುತ್ತಾನೆ, ಅಷ್ಟೇ. ಕಿರಿಯವನನ್ನು ದೂರದಿಂದಲೇ ಕಂಡು ಓಡಿದ ಅಪ್ಪ ನಮಗೆಲ್ಲ ನೆನಪಿರುತ್ತಾನೆ. ಸಿಟ್ಟಿನಿಂದ ಹೊರಗೇ ನಿಂತ ಹಿರಿಯವನಿಗಾಗಿ ಹಬ್ಬದೂಟ ಬಿಟ್ಟು ಎದ್ದು ಬಂದು ಬೇಡಿಕೊಂಡವನೂ ಅದೇ ಅಪ್ಪ ಅಲ್ವಾ? ನಿಮ್ಮ ಪಾಲು ಅಲ್ಲಿದೆ.

ಇನ್ನು ಹಣದ ಮಾತು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಪಾಪನಿವೇದನೆಯಿಂದ ಪಾಪ ಹೋಗುತ್ತದೆ, ಸಾಲ ಹೋಗುವುದಿಲ್ಲ. ಕದ್ದದ್ದನ್ನು ಕೈಲಾದಷ್ಟು ಹಿಂದಿರುಗಿಸಬೇಕು ಎಂಬುದು ಧರ್ಮಸಭೆಯದೇ, ಅಂದರೆ ನಮ್ಮ ಕಥೋಲಿಕ ಚರ್ಚಿನದೇ ಬೋಧನೆ. ಯೇಸು ಮನೆಗೆ ಬಂದ ದಿನವೇ ಸುಂಕ ವಸೂಲಿಗಾರ ಜಕ್ಕಾಯ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಕೊಡುತ್ತೇನೆ ಅಂದ. ಒಳಗೆ ಗುರುಗಳ ಮುಂದೆ ಏನು ನಡೆಯಿತು ಎಂದು ಕೇಳಬೇಡಿ, ಅವರು ಅದನ್ನು ಯಾರಿಗೂ ಹೇಳುವಂತಿಲ್ಲ. ನಿಮ್ಮ ಹಣ ಮಾತ್ರ ಕೇಳಿ. ಹಣ ಕೇಳಿದವನು ಕ್ಷಮಿಸಿಲ್ಲ ಅಂತೇನೂ ಅಲ್ಲ.

ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಬಡ್ಡಿಯವರ ಕೈಗೆ ಸಿಕ್ಕಿದ್ದ ಬಡ ರೈತರ ಪರ ನಿಂತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬವನು ಅವರನ್ನು ಇರಿದು ಕೊಂದ. 2002ರಲ್ಲಿ ಅವರ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಕೊಂದವನನ್ನು ಸಹೋದರ ಎಂದು ಕರೆಯಲು ಏಳು ವರ್ಷ ಹಿಡಿಯಿತು ನೋಡಿ. ನಿಮಗೆ ಯಾರೂ ಅವಸರ ಮಾಡುತ್ತಿಲ್ಲ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು (ಸಂತ ಪದವಿಯ ಹಿಂದಿನ ಮೆಟ್ಟಿಲು) ಸಾರಿದಾಗ ಸಮಂದರ್ ಕೂಡ ಅಲ್ಲಿದ್ದ. ಇದನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ದೇವಕರುಣೆಯ ಹಬ್ಬ ಇಡೀ ಧರ್ಮಸಭೆಗೆ ಬಂದದ್ದು 2000ದಲ್ಲಿ, ಈ ಭಕ್ತಿಗೆ ಮೂಲವಾದ ಪೋಲೆಂಡಿನ ಸಿಸ್ಟರ್ ಫೌಸ್ತಿನಾ ಸಂತರಾದ ವರ್ಷ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಮಧ್ಯಾಹ್ನ 3 ಗಂಟೆ ಈ ಭಕ್ತಿಯಲ್ಲಿ ಕರುಣೆಯ ಗಳಿಗೆ. ನಮ್ಮ ಕಲಬುರಗಿ ಬಿಸಿಲಿಗೆ ಆ ಹೊತ್ತಿನಲ್ಲಿ ಹೇಗೂ ಹೊಲದಿಂದ ಮನೆ ಸೇರಿರುತ್ತೀರಿ. ಸುಮ್ನೆ ಕೂತು ಆ ಸಿಟ್ಟನ್ನೇ ಯೇಸುವಿಗೆ ಹೇಳಿ. ಚಂದದ ಪ್ರಾರ್ಥನೆ ಬೇಕಿಲ್ಲ.

ಹಣದ ಮಾತು ಅವ್ವನ ಎದುರಿಗೇ ಆಗಲಿ, ಮೂವರೂ ರೊಟ್ಟಿ ತಿಂದಾದ ಮೇಲೆ. ಕೈಯಲ್ಲಿ ದುಡ್ಡಿಲ್ಲ ಅಂದರೆ ಜೂನ್‌ನಲ್ಲಿ ತೊಗರಿ ಬಿತ್ತನೆಗೆ ಕರೆಯಿರಿ, ಮೈಮುರಿದು ದುಡಿದು ತೀರಿಸಲಿ. ಬಿತ್ತನೆ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಅವನನ್ನು ಏನೆಂದು ಕರೆದಿದ್ದೀರಿ ಎಂದು ಮೊದಲು ನೋಡುತ್ತೇನೆ.